ಸ್ನಾನದ ಕೊಳವೆಯನ್ನು ಕುಡಿಯುವ ನೀರಿನ ಲೈನಿಗೆ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರವಾದಂತೆ ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಗೋಡೆ ಒಡೆಯುವ ಸದ್ದು ಹೆಚ್ಚುತ್ತದೆ. ಮಳೆಗಾಲ ಮುಗಿದಿರುತ್ತದೆ, ಬೋನಸ್ ಕೈಗೆ ಬರುವ ಹೊತ್ತಾಗಿರುತ್ತದೆ, ಹಬ್ಬದ ಎಣ್ಣೆಸ್ನಾನಕ್ಕೆ ಹೊಸ ಬಚ್ಚಲುಮನೆ ಸಿದ್ಧವಾಗಿರಬೇಕೆಂಬ ಆಸೆಯೂ ಇರುತ್ತದೆ. ಗೋರೆಗಾಂವ್‌ನ ನಮ್ಮ ಕಟ್ಟಡದಲ್ಲಿ ಸದ್ಯ ಮೂರು ಮನೆಗಳಲ್ಲಿ ಬಾತ್‌ರೂಮ್ ಕೆಲಸ ನಡೆಯುತ್ತಿದೆ. ಅವುಗಳಲ್ಲಿ ಎರಡು ಮನೆಗಳಲ್ಲಿ, ಕಳೆದ ವರ್ಷ ನಮ್ಮ ಮನೆಯಲ್ಲಿ ಆದ ತಪ್ಪೇ, ಅಂದರೆ ಬಚ್ಚಲಿನ ತಣ್ಣೀರಿನ ಕೊಳವೆಯನ್ನು ಕುಡಿಯುವ ನೀರಿನ ಲೈನಿಗೆ ಸೇರಿಸುವುದು, ಮತ್ತೊಮ್ಮೆ ಆಗುವುದರಲ್ಲಿತ್ತು. ಟೈಲ್ಸ್ ಹಾಕುವ ಹಿಂದಿನ ದಿನ ನಾನು ಕಂಡು ಹೇಳಿದ್ದರಿಂದ ಅದು ತಪ್ಪಿತು. ಇದೇ ತಪ್ಪು ಇನ್ನೆಷ್ಟು ಮನೆಗಳ ಗೋಡೆಯೊಳಗೆ ಈಗಾಗಲೇ ಮುಚ್ಚಿಹೋಗಿರಬಹುದೆಂಬ ಚಿಂತೆಯಿಂದ ತಮ್ಮ ಪತ್ರಿಕೆಯ ಮೂಲಕ ಕನ್ನಡಿಗ ಓದುಗರಿಗೆ ಈ ವಿಷಯವನ್ನು ತಿಳಿಸಬಯಸುತ್ತೇನೆ.

ನಾನು 34 ವರ್ಷ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಹಬೆ ಮತ್ತು ನೀರಿನ ಪೈಪುಗಳ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದವನು. ಪತ್ನಿಗೆ ಮಂಡಿನೋವು ಬಲವಾದಾಗ, ಬಿಸಿನೀರಿನಲ್ಲಿ ಕಾಲು ನೀಡಿ ಕುಳಿತರೆ ಹಿತವಾದೀತೆಂದು ವೈದ್ಯರು ಹೇಳಿದ್ದರಿಂದ, ಹಳೆಯ ಬಚ್ಚಲನ್ನು ಒಡೆಸಿ ನಾಲ್ಕೂವರೆ ಅಡಿ ಉದ್ದದ ಸಣ್ಣ ಬಾತ್‌ಟಬ್ ಕೂರಿಸಲು ನಿರ್ಧರಿಸಿದೆವು. ಕೆಲಸವನ್ನು ಪರಿಚಯದ ಗುತ್ತಿಗೆದಾರರೊಬ್ಬರಿಗೆ ಒಪ್ಪಿಸಿದೆವು. ಗೋಡೆ ತೆರೆದಿದ್ದ ವಾರದಲ್ಲಿಯೇ ಹೊನ್ನಾವರ ತಾಲೂಕಿನ ನಮ್ಮ ಊರಿನಲ್ಲಿ ಕುಟುಂಬದ ದೇವಕಾರ್ಯ ಬಂದು ನಾನು ಹೊರಟುಹೋದೆ. ಮರಳಿ ಬರುವಷ್ಟರಲ್ಲಿ ಟೈಲ್ಸ್ ಕೂತು, ಅವುಗಳ ಸಂದಿಗೂ ಬಿಳಿ ಸಿಮೆಂಟ್ ತುಂಬಿಯಾಗಿತ್ತು. ನೋಡಲು ಎಲ್ಲವೂ ಚೆನ್ನಾಗಿತ್ತು. ಒಳಗಿನ ಎರಡು ಕೊಳವೆಗಳು ಎಲ್ಲಿಂದ ಹೊರಟು ಬಂದಿವೆ ಎಂದು ನಾನು ಕೇಳಲಿಲ್ಲ. ವೃತ್ತಿಯಲ್ಲಿ ಒಂದು ದಿನವೂ ಮರೆಯದ ಪ್ರಶ್ನೆಯನ್ನು ಮನೆಯಲ್ಲಿ ಮರೆತದ್ದಕ್ಕೆ ನನಗೆ ಇಂದಿಗೂ ನೋವಿದೆ.

ಮುಂಬಯಿಯ ಹಳೆಯ ಮನೆಗಳಲ್ಲಿ ನೀರು ಹೇಗೆ ಬರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ದೂರದ ಜಲಾಶಯಗಳಿಂದ ಬಂದು ಭಾಂಡುಪ್‌ನಂಥ ಕಡೆ ಶುದ್ಧಗೊಂಡ ನೀರನ್ನು ಮಹಾನಗರ ಪಾಲಿಕೆಯು ಹೆಚ್ಚಿನ ಬಡಾವಣೆಗಳಿಗೆ ದಿನದಲ್ಲಿ ಕೆಲವೇ ಗಂಟೆ, ಸರದಿಯ ಪ್ರಕಾರ ಬಿಡುತ್ತದೆ. ಚಾವಿವಾಲಾ ಎಂದು ಕರೆಯುವ ನೌಕರರು ಬೀದಿಯ ವಾಲ್ವ್ ತಿರುಗಿಸಿದಾಗ ನೀರು ಬರುತ್ತದೆ, ಮತ್ತೆ ತಿರುಗಿಸಿದಾಗ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಅದು ಬೆಳಗಿನ ಐದೂವರೆಯಿಂದ ಎಂಟರವರೆಗೆ. ಕಟ್ಟಡದ ನೆಲಟಾಂಕಿಗೆ ತುಂಬಿದ ನೀರನ್ನು ಪಂಪ್ ಮೇಲಕ್ಕೆತ್ತಿ ತಾರಸಿಯ ಟಾಂಕಿಗೆ ಹಾಕುತ್ತದೆ, ಅಲ್ಲಿಂದ ಬಚ್ಚಲಿಗೂ ಪಾಯಖಾನೆಗೂ ದಿನವಿಡೀ ನೀರು ಇಳಿಯುತ್ತದೆ. ಇದಲ್ಲದೆ ಕೆಳಗಿನ ಅಂತಸ್ತುಗಳ ಅಡುಗೆಮನೆಗೆ ಪಾಲಿಕೆಯ ನೇರ ಲೈನ್ ಬೇರೆಯಾಗಿ ಇರುವುದುಂಟು. ಮೊದಲ ಅಂತಸ್ತಿನ ನಮ್ಮ ಮನೆಯಲ್ಲಿ ಆ ನೇರ ಲೈನಿಗೆ ಅಡುಗೆಮನೆಯ ಅಟ್ಟದ ಮೇಲಿನ 200 ಲೀಟರ್ ಟಾಂಕಿಯನ್ನು ಜೋಡಿಸಲಾಗಿದೆ. ನೀರು ಬಂದಾಗ ಒಂದೇ ಪೈಪಿನ ಮೂಲಕ ಮೇಲೇರಿ ಟಾಂಕಿ ತುಂಬುತ್ತದೆ, ನೀರು ನಿಂತ ಮೇಲೆ ಅದೇ ಪೈಪಿನಿಂದ ಇಳಿದು ನಲ್ಲಿಗೆ ಬರುತ್ತದೆ. ಎಂಟು ಗಂಟೆಯ ಒಳಗೆ ಬಾಗಿಲ ಬಳಿಯ ಕಾಕ್ (ಲೈನಿನ ನೀರು ತಡೆಯುವ ತಿರುಪು) ಮುಚ್ಚುವುದು ಮನೆಯ ನಿತ್ಯದ ಕೆಲಸ. ಮುಚ್ಚಲು ಮರೆತರೆ ಅಟ್ಟದ ನೀರೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಹರಿದುಹೋಗುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಬಚ್ಚಲಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗೀಸರ್‌ಗೆ ತಾರಸಿ ಟಾಂಕಿಯ ನೀರು ಹಿಂದಿನಿಂದಲೂ ಬರುತ್ತಿದ್ದುದರಿಂದ ಟಬ್ಬಿನ ಬಿಸಿನೀರಿನ ಕೊಳವೆ ಅಲ್ಲಿಂದ ಬಂತು. ತಣ್ಣೀರಿಗೆ ಮಾತ್ರ, ಗೋಡೆಯ ಆಚೆ ಬದಿಯಲ್ಲೇ ಇದ್ದ ಅಡುಗೆಮನೆಯ ನೇರ ಲೈನನ್ನು ಕೊರೆದು ಒಂದು ಟೀ (ಕವಲು ತೆಗೆಯುವ ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಿಬಿಟ್ಟಿದ್ದರು. ಇದರಿಂದ ಉಳಿದದ್ದು ಎಂಟು ಅಡಿ ಪೈಪು ಮತ್ತು ಅರ್ಧ ದಿನದ ಕೆಲಸ.

ಮೊದಲು ಕಾಣಿಸಿಕೊಂಡ ತೊಂದರೆಯೆಂದರೆ ಬೆಳಗಿನ ಆರು ಗಂಟೆಗೆ ಬಿಸಿನೀರು ಬಾರದಿದ್ದುದು. ಗೀಸರ್ ಕಾದು ದೀಪ ಆರಿದ್ದರೂ, ಬಿಸಿನೀರು ಮತ್ತು ತಣ್ಣೀರನ್ನು ಬೆರೆಸಿ ಕೊಡುವ ನಲ್ಲಿಯಾದ ಮಿಕ್ಸರ್‌ನಿಂದ ತಣ್ಣೀರೇ ರಭಸವಾಗಿ ಸುರಿಯುತ್ತಿತ್ತು. ಮೂರು ಅಂತಸ್ತು ಮೇಲಿರುವ ತಾರಸಿ ಟಾಂಕಿಯ ನೀರು ನಮ್ಮ ನಲ್ಲಿಗೆ ತರುವ ಒತ್ತಡ ಸುಮಾರು 10 ಮೀಟರ್ ಎತ್ತರದ್ದು, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ. ನಮ್ಮಲ್ಲಿ ಬೆಳಗಿನ ಮೊದಲ ಗಂಟೆಯಲ್ಲಿ ಪಾಲಿಕೆಯ ನೀರಿನ ಒತ್ತಡ ಅದಕ್ಕಿಂತ ಹೆಚ್ಚಿರುತ್ತದೆ. ಮಿಕ್ಸರ್‌ನೊಳಗೆ ಎರಡು ನೀರೂ ಒಂದೇ ಕೋಣೆಯಲ್ಲಿ ಸೇರುವುದರಿಂದ ಬಲವಾದದ್ದು ದುರ್ಬಲವಾದದ್ದನ್ನು ತಡೆದು ನಿಲ್ಲಿಸುತ್ತದೆ. ಹೊಸ ಮಿಕ್ಸರ್ ಸರಿಯಿಲ್ಲವೆಂದು ನಾವು ಭಾವಿಸಿ, ಅದನ್ನು ಬದಲಾಯಿಸಿಯೂ ನೋಡಿದೆವು.

ಎರಡನೆಯದು ಹೆಚ್ಚು ಅಪಾಯದ್ದು. ಒಂದು ಬೆಳಿಗ್ಗೆ ಎಂಟರ ಸುಮಾರಿಗೆ ಪತ್ನಿ ಹ್ಯಾಂಡ್ ಶವರ್ ಹಿಡಿದು ಸ್ನಾನ ಮಾಡುತ್ತಿದ್ದಾಗ ಹದವಾಗಿದ್ದ ನೀರು ಏಕಾಏಕಿ ಸುಡತೊಡಗಿತು. ಬೀದಿಯ ವಾಲ್ವ್ ಮುಚ್ಚಿದ ಕೂಡಲೇ ತಣ್ಣೀರಿನ ಒತ್ತಡ ಕುಸಿದಿತ್ತು. ಅಟ್ಟದ ಟಾಂಕಿಯದು ಒಂದೆರಡು ಅಡಿ ಎತ್ತರದ ಒತ್ತಡ, ಗೀಸರ್‌ನ ಹಿಂದಿರುವುದು ತಾರಸಿಯ ಒತ್ತಡ. ಹೀಗಾಗಿ ಬರುತ್ತಿದ್ದುದು ಬಹುತೇಕ ಗೀಸರ್‌ನ ನೀರೇ. 60 ಡಿಗ್ರಿಯ ನೀರು ಚರ್ಮವನ್ನು ಸುಡಲು ಕೆಲವೇ ಸೆಕೆಂಡು ಸಾಕು, ಮಕ್ಕಳಿಗೂ ವೃದ್ಧರಿಗೂ ಇನ್ನೂ ಬೇಗ. ಮಂಡಿನೋವಿನವರು ಟಬ್ಬಿನಿಂದ ಥಟ್ಟನೆ ಎದ್ದು ಬರಲಾರರು. ಅವರ ಮುಂಗೈಯಲ್ಲಿ ಎರಡು ಬೆರಳಗಲದ ಕೆಂಪು ಗುರುತು ಹಲವು ದಿನ ಉಳಿದಿತ್ತು.

ಮೂರನೆಯದನ್ನು ಕಂಡುಹಿಡಿದವರೂ ಅವರೇ. ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಅಡುಗೆಮನೆಯ ನಲ್ಲಿಯಿಂದ ಕುಡಿಯುವ ನೀರಿನ ಬಿಂದಿಗೆ ತುಂಬಿಸುವಾಗ, ನೀರು ಉಗುರುಬೆಚ್ಚಗಿದೆಯಲ್ಲ ಎಂದು ನನ್ನನ್ನು ಕರೆದರು. ಸ್ಟೂಲ್ ಹತ್ತಿ ಅಟ್ಟದ ಟಾಂಕಿಯನ್ನು ಮುಟ್ಟಿ ನೋಡಿದೆ, ಅದರ ಹೊಟ್ಟೆಯೂ ಬೆಚ್ಚಗಿತ್ತು. ಕಿಟಕಿಯ ಹೊರಗೆ ಓವರ್‌ಫ್ಲೋ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಾಲಿಕೆಯ ನೀರು ನಿಂತು ಆರು ಗಂಟೆ ಕಳೆದ ಮೇಲೆ ಆ ಟಾಂಕಿ ತುಂಬಿ ಹರಿಯಲು ಕಾರಣವೇ ಇರಲಿಲ್ಲ. ಬಚ್ಚಲಿಗೆ ಹೋಗಿ ನೋಡಿದರೆ ಮಿಕ್ಸರ್‌ನ ಹಿಡಿ ನಡುವಿನಲ್ಲಿ ತೆರೆದೇ ಇತ್ತು, ಹ್ಯಾಂಡ್ ಶವರ್‌ನ ಗುಂಡಿಯನ್ನು ಮಾತ್ರ ಮುಚ್ಚಲಾಗಿತ್ತು. ಹೊರಬರುವ ದಾರಿ ಮುಚ್ಚಿದ್ದರಿಂದ ತಾರಸಿ ಟಾಂಕಿಯ ನೀರು ಗೀಸರ್ ಹಾದು, ಮಿಕ್ಸರ್ ಹೊಕ್ಕು, ತಣ್ಣೀರಿನ ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ನಮ್ಮ ಕುಡಿಯುವ ನೀರಿನ ಟಾಂಕಿಯನ್ನು ಸೇರುತ್ತಿತ್ತು. ಸ್ನಾನಕ್ಕೆಂದು ತಾರಸಿಯಲ್ಲಿ ಶೇಖರಿಸಿದ ನೀರನ್ನು ಎರಡು ತಿಂಗಳಿಂದ ನಾವು ಕುಡಿದಿದ್ದೆವು, ಮೊಮ್ಮಗಳಿಗೂ ಕುಡಿಸಿದ್ದೆವು.

ಅದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಹ್ಯಾಂಡ್ ಶವರ್‌ನ ತಲೆ ತುಂಬಿದ ಟಬ್ಬಿನ ನೀರಿನಲ್ಲಿ ಮುಳುಗಿದ್ದು, ಮಿಕ್ಸರ್ ಮತ್ತು ಗುಂಡಿ ತೆರೆದಿದ್ದು, ಬಾಗಿಲ ಬಳಿಯ ಕಾಕ್ ಮುಚ್ಚಲು ಮರೆತುಹೋದ ದಿನ ಬೀದಿಯ ಕೊಳವೆ ಬರಿದಾಗತೊಡಗಿದರೆ, ಹಿಂದಕ್ಕೆ ಹರಿಯುವ ನೀರು ಟಬ್ಬಿನೊಳಗಿನ ಸಾಬೂನು ನೀರನ್ನೂ ತನ್ನೊಡನೆ ಹೀರಿಕೊಂಡು ಹೋಗಬಲ್ಲದು. ಆಗ ಕೆಡುವುದು ನಮ್ಮೊಬ್ಬರ ಮನೆಯ ನೀರಲ್ಲ, ಅದೇ ಕೊಳವೆಯನ್ನು ನಂಬಿದ ನೆರೆಮನೆಯವರದೂ ಹೌದು. ದಿನದ 24 ಗಂಟೆಯೂ ಒತ್ತಡವಿರುವ ಊರುಗಳಲ್ಲಿ ಇಂಥದ್ದು ಅಪರೂಪ. ಗಡಿಯಾರ ನೋಡಿ ನೀರು ಬರುವ ನಮ್ಮಂಥ ನಗರದಲ್ಲಿ ಕೊಳವೆ ಪ್ರತಿದಿನವೂ ಒಮ್ಮೆ ಬರಿದಾಗುತ್ತದೆ.

ಆದ್ದರಿಂದ ನಾನು ಒತ್ತಿ ಹೇಳಬಯಸುವುದು ಇಷ್ಟು. ಹೊಸ ಬಚ್ಚಲಿಗೆ ಬರುವ ಬಿಸಿನೀರು ಮತ್ತು ತಣ್ಣೀರು ಎರಡೂ ಒಂದೇ ಟಾಂಕಿಯಿಂದ, ಅಂದರೆ ತಾರಸಿಯ ಟಾಂಕಿಯಿಂದಲೇ ಬರಬೇಕು. ಪಾಲಿಕೆಯ ನೇರ ಲೈನನ್ನು ಬಚ್ಚಲಿನ ಯಾವ ನಲ್ಲಿಗೂ ಯಾವ ನೆಪದಿಂದಲೂ ಸೇರಿಸಬಾರದು. ಎರಡೂ ಒಂದೇ ಎತ್ತರದಿಂದ ಇಳಿದರೆ ಒತ್ತಡ ಬಹುಮಟ್ಟಿಗೆ ಸಮನಾಗಿರುತ್ತದೆ, ಟಾಂಕಿ ಬರಿದಾದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ, ಮೈ ಸುಡುವ ಸಂದರ್ಭ ವಿರಳವಾಗುತ್ತದೆ. ನಮ್ಮ ಮನೆಯಲ್ಲಿ ಕೊನೆಗೆ ನಾಲ್ಕು ಸಾಲು ಹೊಸ ಟೈಲ್ಸ್ ಒಡೆದು, ಅಡುಗೆಮನೆಯ ಟೀ ತೆಗೆಸಿ ಬಾಯಿ ಮುಚ್ಚಿಸಿ, ತಣ್ಣೀರನ್ನು ತಾರಸಿಯ ಲೈನಿನಿಂದ ತರಿಸಿದೆವು. ಅಟ್ಟದ ಟಾಂಕಿಯನ್ನು ಬರಿದು ಮಾಡಿ ತೊಳೆಸಿದೆವು. ಹ್ಯಾಂಡ್ ಶವರ್‌ನ ಕೊಕ್ಕೆಯನ್ನು ಅದರ ತಲೆ ಟಬ್ಬಿನ ಅಂಚಿಗಿಂತ ಕೆಳಗಿಳಿಯದಷ್ಟು ಎತ್ತರಕ್ಕೆ ಏರಿಸಿ, ಟಬ್ ತುಂಬಿಸುವ ನಲ್ಲಿಯ ಬಾಯಿಯೂ ಅಂಚಿಗಿಂತ ಎರಡು ಇಂಚು ಮೇಲಿರುವಂತೆ ನೋಡಿಕೊಂಡೆವು. ನಡುವೆ ಗಾಳಿಯ ಅಂತರವಿದ್ದರೆ ಕೊಳಕು ನೀರು ಮೇಲೇರಲು ದಾರಿಯೇ ಇರುವುದಿಲ್ಲ.

ಟಬ್ ಹಾಕಿಸುವವರು ಗೀಸರ್‌ನ ಗಾತ್ರದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು, ಏಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಸಣ್ಣ ಟಬ್ಬಿಗೆ ಹಿಡಿಯುವುದು 120 ಲೀಟರ್. ಟಾಂಕಿಯ ನೀರು 25 ಡಿಗ್ರಿ, ಗೀಸರ್‌ನದು 60 ಡಿಗ್ರಿ ಎಂದಿಟ್ಟುಕೊಂಡರೆ, ಮೈಗೆ ಹಿತವಾದ 40 ಡಿಗ್ರಿಗೆ ತರಲು 51 ಲೀಟರ್ ಬಿಸಿನೀರಿಗೆ 69 ಲೀಟರ್ ತಣ್ಣೀರು ಬೆರೆಯಬೇಕು. ಸಾಮಾನ್ಯವಾಗಿ ಮನೆಗಳಲ್ಲಿರುವ 25 ಲೀಟರ್ ಗೀಸರ್ ಅರ್ಧ ಟಬ್ಬಿಗೇ ಬರಿದಾಗುತ್ತದೆ. 50 ಲೀಟರಿನದು ಬೇಕು, ಮತ್ತು 2 ಕಿಲೋವ್ಯಾಟ್ ಕಾಯಿಲ್ ಅದನ್ನು ಕಾಯಿಸಲು ಸುಮಾರು ಒಂದು ಗಂಟೆ ತೆಗೆದುಕೊಂಡು ಎರಡು ಯೂನಿಟ್ ವಿದ್ಯುತ್ ಬಳಸುತ್ತದೆ. ತುಂಬಿದ ಗೀಸರ್‌ನ ಭಾರ ಹೊರಲು ಗಟ್ಟಿ ಗೋಡೆ ಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಲ್ಲಿ ಎಲ್ಲ ಬಳಕೆಗೂ ಸೇರಿಸಿ ಹಾಕುವ ಲೆಕ್ಕವಾಗಿರುವಾಗ, ಒಂದು ಟಬ್ ನೀರು ಅದರ ಬಹುಪಾಲನ್ನು ನುಂಗುತ್ತದೆ ಎಂಬುದನ್ನೂ ಮರೆಯಬಾರದು. ನಾವು ವಾರಕ್ಕೆ ಎರಡು ಬಾರಿ, ಮಂಡಿ ಮುಳುಗುವಷ್ಟೇ ತುಂಬಿಸುತ್ತೇವೆ.

ಊರಿನಲ್ಲಿ ನನ್ನ ತಾಯಿ ನೀರು ತುಂಬುವ ಹಬ್ಬದ ಸಂಜೆ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಶೇಡಿಮಣ್ಣಿನಿಂದ ಗೆರೆ ಎಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಬಾವಿಯ ನೀರು ತುಂಬಿಸುತ್ತಿದ್ದರು. ಮರುದಿನ ನಸುಕಿನಲ್ಲಿ ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದ ನಂತರವೇ ಮಕ್ಕಳ ಮೇಲೆ ಮೊದಲ ಚೊಂಬು ಸುರಿಯುತ್ತಿದ್ದರು. ಆ ಹದ ನೋಡುವ ಕೆಲಸವನ್ನು ಇಂದು ನಾವು ಗೋಡೆಯೊಳಗಿನ ಅಂಗೈಯಗಲದ ಹಿತ್ತಾಳೆಯ ಮಿಕ್ಸರಿಗೆ ವಹಿಸಿದ್ದೇವೆ. ಅದಕ್ಕೆ ಬರುವ ಎರಡು ಕೊಳವೆಗಳನ್ನು ಗೋಡೆ ಮುಚ್ಚುವ ಮೊದಲು ಮನೆಯವರೇ ನಿಂತು ನೋಡಬೇಕು.

ನೋಡುವುದೆಂದರೆ ಏನನ್ನು? ಮೊದಲಿಗೆ ತಾರಸಿಯಿಂದ ಇಳಿಯುವ ಲೈನಿನ ವಾಲ್ವ್ ಮುಚ್ಚಿಸಿ, ಬಚ್ಚಲಿನ ಬಿಸಿ ಮತ್ತು ತಣ್ಣೀರಿನ ಎರಡೂ ತುದಿಗಳನ್ನು ತೆರೆಯಿಸಬೇಕು. ಪಾಲಿಕೆಯ ನೀರು ಬರುವ ಹೊತ್ತಿನಲ್ಲಿಯೇ ಇದನ್ನು ಮಾಡಬೇಕು. ಪೈಪಿನಲ್ಲಿ ಉಳಿದ ನೀರು ಹರಿದುಹೋದ ಮೇಲೆ ಎರಡೂ ನಿಂತರೆ ಸರಿ, ಯಾವುದಾದರೂ ಒಂದು ಹರಿಯುತ್ತಲೇ ಇದ್ದರೆ ಅದು ಬೇರೆ ಕಡೆಯಿಂದ ಬಂದಿದೆ. ಐದು ನಿಮಿಷದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಈಗಾಗಲೇ ಕೆಲಸ ಮುಗಿದಿರುವ ಮನೆಗಳಲ್ಲಿಯೂ ಇದನ್ನು ಇಂದೇ ಮಾಡಿ ನೋಡಬಹುದು.

ನಂತರದ್ದು ಕೊಳವೆಯ ಜಾತಿ. ಬಿಸಿನೀರಿಗೆ ಹಾಕುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಸಾಮಾನ್ಯವಾಗಿ ಕೆನೆಬಣ್ಣದ್ದು, ಅದರ ಮೈಮೇಲೆ ಐಎಸ್ 15778 ಎಂಬ ಭಾರತೀಯ ಮಾನಕದ ಸಂಖ್ಯೆ ಅಚ್ಚಾಗಿರುತ್ತದೆ. ಬಿಳಿಯ ಯುಪಿವಿಸಿ ಪೈಪು ತಣ್ಣೀರಿಗೆ ಮಾತ್ರ. ಆ ಬಿಳಿ ಪೈಪಿನ ಉಳಿದ ತುಂಡೊಂದನ್ನು ಬಿಸಿನೀರಿನ ಲೈನಿಗೆ ಸೇರಿಸಿದರೆ ಅದು ದಿನಕಳೆದಂತೆ ಮೆತ್ತಗಾಗಿ ಬಾಗಿ, ಸಂದಿಯಲ್ಲಿ ಸೋರುತ್ತದೆ. ಹಳೆಯ ಕಬ್ಬಿಣದ ಜಿಐ ಪೈಪಿಗೆ ಹೊಸ ಸಿಪಿವಿಸಿಯನ್ನು ಕೂಡಿಸುವಲ್ಲಿ ಹಿತ್ತಾಳೆಯ ತಿರುಪಿನ ಎಳೆಯುಳ್ಳ ಸಾಕೆಟ್ ಬಳಸಿ ಟೆಫ್ಲಾನ್ ಟೇಪ್ ಸುತ್ತಿಸಬೇಕು. ಮಿಕ್ಸರಿಗೆ ಮುಖ ಮಾಡಿ ನಿಂತಾಗ ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ ಬರಬೇಕು. ಕಣ್ಣು ಮಂಜಾದ ಹಿರಿಯರು ನೆಚ್ಚಿಕೊಳ್ಳುವುದು ಈ ರೂಢಿಯನ್ನೇ. ಎರಡೂ ಕೊಳವೆಗಳಿಗೆ ಕೈಗೆಟಕುವಂತೆ ಪ್ರತ್ಯೇಕ ವಾಲ್ವ್ ಇರಲಿ. ಗೀಸರ್‌ನ ತಣ್ಣೀರಿನ ಬಾಯಿಯಲ್ಲಿರುವ ಸುರಕ್ಷಾ ವಾಲ್ವ್ ಕಾದ ನೀರು ಹಿಗ್ಗಿದಾಗ ಒಂದೆರಡು ಹನಿ ಹೊರಬಿಡುವುದುಂಟು. ಅದು ಸೋರುತ್ತಿದೆಯೆಂದು ಮುಚ್ಚಳ ಹಾಕಿ ಬಿಗಿಯುವ ಕೆಲಸಗಾರರನ್ನು ನಾನು ಕಂಡಿದ್ದೇನೆ, ಅದನ್ನು ಎಂದಿಗೂ ಮುಚ್ಚಲು ಬಿಡಬಾರದು.

ಕೊನೆಯದು ಒತ್ತಡದ ಪರೀಕ್ಷೆ. ಅಂಟಿಸಿದ ಸಂದಿಗಳು ಗಟ್ಟಿಯಾಗಲು ಒಂದು ದಿನ ಬಿಟ್ಟು, ಬಾಯಿಗಳಿಗೆಲ್ಲ ಬಿರಡೆ ಹಾಕಿ, ಲೈನಿನೊಳಗಿನ ಗಾಳಿ ಹೊರಹೋಗುವಂತೆ ನೀರು ತುಂಬಿಸಿ, ಮಾಪಕವಿರುವ ಕೈಪಂಪಿನಿಂದ ನಿತ್ಯದ ಒತ್ತಡದ ಕನಿಷ್ಠ ಒಂದೂವರೆ ಪಟ್ಟು ಏರಿಸಬೇಕು. ಮುಳ್ಳು ಎಲ್ಲಿ ನಿಂತಿದೆಯೆಂದು ಗುರುತು ಹಾಕಿಕೊಂಡು ರಾತ್ರಿಯಿಡೀ ಹಾಗೆಯೇ ಬಿಡುವುದು ನನ್ನ ಪದ್ಧತಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಎಲ್ಲೋ ಒಂದು ಸಂದಿ ಬೆವರುತ್ತಿದೆ. ಪ್ಲಾಸ್ಟಿಕ್ ಪೈಪನ್ನು ಗಾಳಿ ತುಂಬಿಸಿ ಪರೀಕ್ಷಿಸುವುದು ಅಪಾಯಕರ, ಒಡೆದರೆ ಚೂರುಗಳು ಸಿಡಿಯುತ್ತವೆ. ಪರೀಕ್ಷೆ ಮುಗಿದ ಮೇಲೆ, ತೆರೆದ ಗೋಡೆಗೆ ಅಳತೆಯ ಪಟ್ಟಿ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಮುಂದೆ ಕನ್ನಡಿಗೋ ಟವೆಲ್ ಕಂಬಿಗೋ ಗೋಡೆ ಕೊರೆಯುವಾಗ ಈ ಚಿತ್ರವೊಂದೇ ದಾರಿ ತೋರಿಸುತ್ತದೆ.

ಈ ಕೆಲಸ ಮಾಡುವ ಹುಡುಗರನ್ನು ದೂರಲು ನನಗೆ ಮನಸ್ಸಿಲ್ಲ. ದೂರದ ಊರುಗಳಿಂದ ಬಂದು, ಒಬ್ಬರ ಕೈಕೆಳಗೆ ನೋಡಿ ಕಲಿತು, ದಿನಕ್ಕಿಷ್ಟು ಮುಗಿಸಬೇಕೆಂಬ ಒತ್ತಾಯದಲ್ಲಿ ದುಡಿಯುವವರು ಅವರು. ಹತ್ತಿರದ ಕೊಳವೆಯಿಂದ ನೀರು ತೆಗೆದುಕೊಂಡರೆ ಏನಾಗುತ್ತದೆಂದು ಅವರಿಗೆ ಯಾರೂ ವಿವರಿಸಿರುವುದಿಲ್ಲ. ನಮ್ಮ ಮನೆಯ ಟೀ ತೆಗೆದ ಹುಡುಗನಿಗೆ ಬೆಚ್ಚಗಿನ ಅಟ್ಟದ ಟಾಂಕಿಯನ್ನು ಮುಟ್ಟಿಸಿ ತೋರಿಸಿದಾಗ ಆತ ತಾನಾಗಿಯೇ, ಹಿಂದೆ ಕೆಲಸ ಮಾಡಿದ ಇನ್ನೊಂದು ಮನೆಗೆ ಹೋಗಿ ನೋಡಿಬರುತ್ತೇನೆ ಎಂದನು. ಪಾಲಿಕೆಯ ಪರವಾನಗಿ ಪಡೆದ ಪ್ಲಂಬರ್‌ಗಳು ನಗರದಲ್ಲಿದ್ದಾರೆ. ಕನಿಷ್ಠ ಗೋಡೆ ಮುಚ್ಚುವ ಮೊದಲು ಒಮ್ಮೆ ಅಂಥವರನ್ನು ಕರೆಸಿ ತೋರಿಸಲು ತಗಲುವ ಖರ್ಚು ಒಂದು ಸಾಲು ಟೈಲ್ಸ್ ಒಡೆಯುವ ಖರ್ಚಿಗಿಂತ ಕಡಿಮೆ.

ಸೊಸೈಟಿಯ ಆಡಳಿತ ಸಮಿತಿಗಳಿಗೂ ನನ್ನದೊಂದು ವಿನಂತಿಯಿದೆ, ಏಕೆಂದರೆ ಅವುಗಳಲ್ಲಿ ಅನೇಕ ಕನ್ನಡಿಗರು ಹೊಣೆ ಹೊತ್ತಿದ್ದಾರೆ. ದುರಸ್ತಿಗೆ ಅನುಮತಿ ಕೊಡುವಾಗ ಸಮಿತಿಗಳು ಠೇವಣಿ ಕೇಳುತ್ತವೆ, ಲಿಫ್ಟಿನಲ್ಲಿ ಸಿಮೆಂಟ್ ಚೀಲ ಒಯ್ಯಬಾರದೆನ್ನುತ್ತವೆ, ಮಧ್ಯಾಹ್ನ ಸದ್ದು ಮಾಡಬಾರದೆನ್ನುತ್ತವೆ. ನೀರಿನ ಲೈನಿನ ಬಗ್ಗೆ ಒಂದು ಮಾತೂ ಇರುವುದಿಲ್ಲ. ಸ್ನಾನಗೃಹದ ಒಳಗಿನ ಸೋರಿಕೆಯ ಖರ್ಚು ಆಯಾ ಮನೆಯವರದೇ ಎಂದು ಮಹಾರಾಷ್ಟ್ರದ ಮಾದರಿ ಉಪವಿಧಿಗಳು ಹೇಳುತ್ತವೆಯಾದರೂ, ನೇರ ಲೈನಿನಲ್ಲಿ ಹಿಂದಕ್ಕೆ ಹರಿದ ನೀರು ಯಾವ ಮನೆಯಲ್ಲಿಯೂ ಗುರುತು ಬಿಡುವುದಿಲ್ಲ. ಆದ್ದರಿಂದ ಅನುಮತಿಯ ಅರ್ಜಿಯ ಜೊತೆ ಬಿಸಿ ಮತ್ತು ತಣ್ಣೀರಿನ ಕೊಳವೆಗಳು ಎಲ್ಲಿಂದ ಹೊರಡುತ್ತವೆ ಎಂಬ ಕೈಬರಹದ ನಕ್ಷೆಯನ್ನೂ, ಟೈಲ್ಸ್ ಹಾಕುವ ಮೊದಲು ತೆಗೆದ ಚಿತ್ರವನ್ನೂ ಕಡ್ಡಾಯವಾಗಿ ಕೇಳಬೇಕು. ನಮ್ಮ ಸೊಸೈಟಿಯ ಕಳೆದ ಸಭೆಯಲ್ಲಿ ನಾನು ಇದನ್ನು ಮಂಡಿಸಿದೆ, ಸದಸ್ಯರು ಒಪ್ಪಿದ್ದಾರೆ. ನಕ್ಷೆಯ ಮಾದರಿಯೊಂದನ್ನು ಕನ್ನಡ ಮತ್ತು ಮರಾಠಿಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದ್ದೇವೆ. ಬೇರೆ ಸೊಸೈಟಿಗಳು ಕೇಳಿದರೆ ಅದರ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪೈಪ್ ಮೇಲ್ವಿಚಾರಕ,
ಗೋರೆಗಾಂವ್, ಮುಂಬಯಿ